ನಾವಿಕ ಮಲಗಿದಾಗ ಚುಕ್ಕಾಣಿ ಹಿಡಿಯುವವರು ಯಾರು?

ಮಕ್ಕಳೇ, ಕಬ್ಬಿನ ಹಂಗಾಮಿನಲ್ಲಿ ಬೆಳಗಿನ ಜಾವ ಸಂಕೇಶ್ವರದ ಕಡೆಗೆ ಹೋಗುವ ರಸ್ತೆಯನ್ನು ನೋಡಿದ್ದೀರಾ? ಕಬ್ಬು ಹೇರಿಕೊಂಡ ಚಕ್ಕಡಿಗಳು ಒಂದರ ಹಿಂದೆ ಒಂದರಂತೆ ಸಕ್ಕರೆ ಕಾರ್ಖಾನೆಗೆ ಸಾಗುತ್ತಿರುತ್ತವೆ. ಎಷ್ಟೋ ಚಕ್ಕಡಿಗಳಲ್ಲಿ ಗಾಡಿ ಹೊಡೆಯುವವರು ಕಂಬಳಿ ಹೊದ್ದು ತೂಕಡಿಸುತ್ತಿರುತ್ತಾರೆ. ಆದರೂ ಎತ್ತುಗಳು ದಾರಿ ತಪ್ಪುವುದಿಲ್ಲ. ಮುಂದಿನ ಚಕ್ಕಡಿಯನ್ನು ನೋಡಿಕೊಂಡು ನಡೆಯುತ್ತವೆ. ಒಂದು ವೇಳೆ ಮುಂದಿನ ಚಕ್ಕಡಿಯೇ ಅಡ್ಡದಾರಿ ಹಿಡಿದರೆ? ಹಿಂದಿನದೂ ಅದೇ ಅಡ್ಡದಾರಿಗೆ ಇಳಿಯುತ್ತದೆ! ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಡಕಲ್ ಜಲಾಶಯದ ಸಮೀಪದ ಒಂದು ಶಾಲೆಯಲ್ಲಿ ನಾನು ಹಾಯಿದೋಣಿಯ ಬಗ್ಗೆ ಹೇಳುತ್ತಿದ್ದೆ. ನಮ್ಮ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಅವರು 2024ರ ಅಕ್ಟೋಬರ್‌ನಲ್ಲಿ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ ತಿಂಗಳಲ್ಲಿ ಮತ್ತೆ ಗೋವಾಕ್ಕೆ ಬಂದರು ಎಂದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಇಬ್ಬರಿದ್ರ ಒಬ್ಬರು ಮಲ್ಕೊಂಡಾಗ ಇನ್ನೊಬ್ಬರು ನಡಸ್ತಾರ್ರಿ. ಒಬ್ಬರ ಇದ್ರ ಹ್ಯಾಂಗ್ರಿ?"

ಎಂಥ ಪ್ರಶ್ನೆ ನೋಡಿ! ಒಬ್ಬರೇ ಹೋದವರೂ ಇದ್ದಾರೆ. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ಗೋವಾ ಸೇರುವ ಮಹದಾಯಿ ನದಿ ನಿಮಗೆ ಗೊತ್ತು. ಅದೇ ನದಿಯ ಹೆಸರನ್ನು ಹೊತ್ತ, ಗೋವಾದಲ್ಲಿ ಕಟ್ಟಿದ 'ಮ್ಹಾದೆಯಿ' ಎಂಬ ಹಾಯಿದೋಣಿಯಲ್ಲಿ ದಿಲೀಪ್ ದೋಂದೆ ಅವರು 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿದರು. ಭಾರತೀಯರಲ್ಲಿ ಅವರೇ ಮೊದಲಿಗರು. ಆಮೇಲೆ ಅಭಿಲಾಷ್ ಟೋಮಿ ಅವರು 2012ರ ನವೆಂಬರ್ 1ರಂದು ಅದೇ ದೋಣಿಯಲ್ಲಿ ಮುಂಬೈಯಿಂದ ಹೊರಟು, ಎಲ್ಲಿಯೂ ದಡ ಮುಟ್ಟದೆ, 2013ರ ಮಾರ್ಚ್ 31ರಂದು ಮುಂಬೈಗೆ ಮರಳಿದರು. ಐದು ತಿಂಗಳು ಯಾರಾದರೂ ನಿದ್ದೆಯಿಲ್ಲದೆ ಇರಬಲ್ಲರೇ? ಸಾಧ್ಯವಿಲ್ಲ. ಅವರು ಮಲಗಿದಾಗ ಚುಕ್ಕಾಣಿಯನ್ನು ಮತ್ತೊಂದಕ್ಕೆ ಒಪ್ಪಿಸಲೇಬೇಕು. ಇದಕ್ಕಾಗಿಯೇ ಸ್ವಯಂಚಾಲಿತ ಚುಕ್ಕಾಣಿ ವ್ಯವಸ್ಥೆಗಳಿವೆ. ಅವುಗಳಲ್ಲಿ ನಾಲ್ಕಾರು ಬಗೆ. ಚಿಕ್ಕ ದೋಣಿಗೆ ಯಾವುದನ್ನು ಆರಿಸಬೇಕು ಎಂಬುದೇ ನಮ್ಮ ಇಂದಿನ ವಿಷಯ.

ಮೊದಲು ಚುಕ್ಕಾಣಿಯನ್ನು ತಿಳಿದುಕೊಳ್ಳೋಣ. ದೋಣಿಯ ಹಿಂಭಾಗದಲ್ಲಿ ನೀರಿನೊಳಗೆ ಇಳಿಬಿಟ್ಟ ಹಲಗೆಯೇ ಚುಕ್ಕಾಣಿ. ಚಿಕ್ಕ ದೋಣಿಗಳಲ್ಲಿ ಅದಕ್ಕೆ ಒಂದು ಹಿಡಿಕೋಲು ಇರುತ್ತದೆ. ಹಿಡಿಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಅಲೆ ಬಂದು ಬಡಿದಾಗಲೆಲ್ಲ ದೋಣಿಯ ಮೂತಿ ಅತ್ತಿತ್ತ ಸರಿಯುತ್ತದೆ. ಆದ್ದರಿಂದ ಯಾರಾದರೂ ಸದಾ ಅದನ್ನು ಸರಿಪಡಿಸುತ್ತಲೇ ಇರಬೇಕು. ಸರಿಪಡಿಸದಿದ್ದರೆ ಏನಾಗುತ್ತದೆ? ಲೆಕ್ಕ ಮಾಡೋಣ. ದೋಣಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ನಾವಿಕ 6 ಗಂಟೆ ಮಲಗಿದ ಎಂದುಕೊಳ್ಳಿ. ದೋಣಿ ಸಾಗುವ ದೂರ 60 ಕಿ.ಮೀ. ದಿಕ್ಕು ಕೇವಲ 10 ಡಿಗ್ರಿ ತಪ್ಪಿದ್ದರೂ ಅವನು ಎದ್ದಾಗ ತಲುಪಬೇಕಾದ ಜಾಗದಿಂದ ಸುಮಾರು 10 ಕಿ.ಮೀ. ದೂರ ಇರುತ್ತಾನೆ. (ಕೋನಮಾಪಕ ಮತ್ತು ಅಳತೆಪಟ್ಟಿಯಿಂದ ನಕ್ಷೆ ಬರೆದು ನೀವೇ ಪರೀಕ್ಷಿಸಿ.) ಅಲ್ಲಿ ಬಂಡೆಗಳಿದ್ದರೆ ಗತಿ?

ಹಳೆಯ ಉಪಾಯವೆಂದರೆ ಹಿಡಿಕೋಲನ್ನು ಹಗ್ಗದಿಂದ ಕಟ್ಟಿಬಿಡುವುದು. ನಂಬಲು ಕಷ್ಟವಾದರೂ ಕೆಲವು ದೋಣಿಗಳಲ್ಲಿ ಇದು ನಡೆಯುತ್ತದೆ. ಜೋಶುವಾ ಸ್ಲೋಕಮ್ ಎಂಬಾತ 1895ರಿಂದ 1898ರವರೆಗೆ 'ಸ್ಪ್ರೇ' ಎಂಬ ದೋಣಿಯಲ್ಲಿ ಒಬ್ಬನೇ ಪ್ರಪಂಚವನ್ನು ಸುತ್ತಿದ ಮೊದಲ ಮನುಷ್ಯ. ಚುಕ್ಕಾಣಿ ಕಟ್ಟಿಟ್ಟರೂ ಅವನ ದೋಣಿ ಗಂಟೆಗಟ್ಟಲೆ ನೆಟ್ಟಗೆ ಹೋಗುತ್ತಿತ್ತು, ಏಕೆಂದರೆ ಅದರ ತಳ ಉದ್ದವಾಗಿದ್ದು ಹಾಯಿಗಳು ಸಮತೋಲನದಲ್ಲಿದ್ದವು. ಇದರ ಸುಧಾರಿಸಿದ ರೂಪವೂ ಇದೆ. ಹಾಯಿಯ ಹಗ್ಗವನ್ನು ರಾಟೆಯ ಮೂಲಕ ಹಿಡಿಕೋಲಿನ ಒಂದು ಬದಿಗೂ, ರಬ್ಬರ್ ಪಟ್ಟಿಯನ್ನು ಇನ್ನೊಂದು ಬದಿಗೂ ಕಟ್ಟುತ್ತಾರೆ. ಹಾಯಿಯ ಮೇಲೆ ಗಾಳಿಯ ಒತ್ತಡ ಹೆಚ್ಚಾದರೆ ಹಗ್ಗ ಎಳೆಯುತ್ತದೆ, ಕಡಿಮೆಯಾದರೆ ರಬ್ಬರ್ ಎಳೆಯುತ್ತದೆ. ಖರ್ಚು ಹೆಚ್ಚೇನಿಲ್ಲ, ಆದರೆ ಗಾಳಿಯ ರಭಸ ಬದಲಾದಾಗಲೆಲ್ಲ ಎದ್ದು ಬಿಗಿ ಮಾಡಬೇಕು. ನಿದ್ದೆ ಅರೆಬರೆ!

ಈಗ ನನಗೆ ಬಹಳ ಇಷ್ಟವಾದ ಯಂತ್ರಕ್ಕೆ ಬರೋಣ. ನಾವಿಕರು ಇದನ್ನು ವಿಂಡ್‌ವೇನ್ ಎನ್ನುತ್ತಾರೆ. ನಾವು ಗಾಳಿಹಲಗೆ ಎನ್ನೋಣ. ಕಣದಲ್ಲಿ ಜೋಳದ ರಾಶಿ ತೂರುವಾಗ ನಿಮ್ಮ ಅಜ್ಜ ಮೊದಲು ಏನು ಮಾಡುತ್ತಾರೆ? ಒಂದು ಹಿಡಿ ಹೊಟ್ಟು ಮೇಲೆ ಹಾರಿಸಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಾರೆ. ಗಾಳಿಹಲಗೆಯ ಮೊದಲ ಕೆಲಸವೂ ಇದೇ. ದೋಣಿಯ ಹಿಂಭಾಗದಲ್ಲಿ ತೆಳುವಾದ ಪ್ಲೈವುಡ್ ಹಲಗೆಯೊಂದನ್ನು ಅದರ ಅಂಚು ಗಾಳಿಗೆ ಎದುರಾಗುವಂತೆ ನಿಲ್ಲಿಸುತ್ತಾರೆ. ದೋಣಿ ಸರಿಯಾದ ದಿಕ್ಕಿನಲ್ಲಿರುವವರೆಗೆ ಗಾಳಿ ಹಲಗೆಯ ಎರಡೂ ಬದಿಗೆ ಸವರಿಕೊಂಡು ಹೋಗುತ್ತದೆ, ಹಲಗೆ ನೆಟ್ಟಗೆ ನಿಂತಿರುತ್ತದೆ. ದೋಣಿ ದಿಕ್ಕು ತಪ್ಪಿತೋ, ಹಲಗೆಯ ಒಂದು ಮುಖಕ್ಕೆ ಗಾಳಿ ಹೊಡೆದು ಅದು ಪಕ್ಕಕ್ಕೆ ವಾಲುತ್ತದೆ. ಅಂದರೆ 'ತಪ್ಪಾಯಿತು' ಎಂಬ ಸುದ್ದಿ ಸಿಕ್ಕಿತು.

ಆದರೆ ಒಂದು ತೊಂದರೆ ಇದೆ. ತೆಳು ಹಲಗೆಗೆ ಬೀಳುವ ಗಾಳಿಯ ಬಲ ಎಷ್ಟು ತಾನೇ ಇದ್ದೀತು? ಭಾರವಾದ ಚುಕ್ಕಾಣಿಯನ್ನು ತಿರುಗಿಸಲು ಅದು ಸಾಲದು. ಹಾಗಾದರೆ ಬಲವನ್ನು ಎಲ್ಲಿಂದ ತರುವುದು? ನೀರಿನಿಂದ! ದೋಣಿಯ ಹಿಂದೆ ಒಂದು ಉದ್ದನೆಯ ಹುಟ್ಟನ್ನು ಗಡಿಯಾರದ ಲೋಲಕದಂತೆ ನೀರಿಗೆ ಇಳಿಬಿಟ್ಟಿರುತ್ತಾರೆ. ಗಾಳಿಹಲಗೆ ವಾಲಿದಾಗ ಒಂದು ಸರಳು ಈ ಹುಟ್ಟನ್ನು ಸ್ವಲ್ಪವೇ ಓರೆಯಾಗಿಸುತ್ತದೆ. ಓರೆಯಾದದ್ದೇ ತಡ, ಹರಿದು ಬರುವ ನೀರು ಅದನ್ನು ಜೋರಾಗಿ ಪಕ್ಕಕ್ಕೆ ತಳ್ಳುತ್ತದೆ. ಹುಟ್ಟಿಗೆ ಕಟ್ಟಿದ ಹಗ್ಗಗಳು ಹಿಡಿಕೋಲನ್ನು ಎಳೆಯುತ್ತವೆ. ದೋಣಿ ದಾರಿಗೆ ಬರುತ್ತದೆ. ಹಲಗೆ ಮತ್ತೆ ನೆಟ್ಟಗಾಗುತ್ತದೆ, ಹುಟ್ಟೂ ನೆಟ್ಟಗಾಗುತ್ತದೆ. ಸುದ್ದಿ ಕೊಡುವುದು ಗಾಳಿ, ದುಡಿಯುವುದು ನೀರು.

ಬಲದ ವ್ಯತ್ಯಾಸ ಎಷ್ಟು ಗೊತ್ತೇ? ಒಂದೇ ಗಾತ್ರದ ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಹಲಗೆಯ ಮೇಲೆ ಬೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್, ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಒಂದೇ ಅಳತೆಯ ಹಲಗೆಗೆ ಬಡಿದರೆ 800 × 4 ÷ 25 = 128. ನೀರಿನ ವೇಗ ಕಡಿಮೆಯಿದ್ದರೂ ಬಲ 128 ಪಟ್ಟು!

ಮಾಡಿ ನೋಡಿ: ಶಾಲೆಯ ನೀರಿನ ತೊಟ್ಟಿಯಲ್ಲಿ ಮರದ ಅಳತೆಪಟ್ಟಿಯನ್ನು ನೆಟ್ಟಗೆ ಇಳಿಸಿ, ಅದರ ಅಂಚು ಮುಂದಿರುವಂತೆ ಎಳೆಯಿರಿ. ಸಲೀಸಾಗಿ ಬರುತ್ತದೆ. ಈಗ ಪಟ್ಟಿಯನ್ನು ಸ್ವಲ್ಪ ಓರೆ ಮಾಡಿ ಎಳೆಯಿರಿ. ಯಾರೋ ಪಕ್ಕಕ್ಕೆ ತಳ್ಳಿದಂತೆ ಆಗುವುದಿಲ್ಲವೇ? ಅದೇ ಆ ಬಲ. (ಇದಕ್ಕಾಗಿ ಘಟಪ್ರಭಾ ಕಾಲುವೆಗೆ ಇಳಿಯಬೇಡಿ. ತೊಟ್ಟಿ ಇಲ್ಲದಿದ್ದರೆ ಅಗಲವಾದ ಬೋಗುಣಿ ಸಾಕು.)

ಇಂಗ್ಲೆಂಡಿನ ಬ್ಲಾಂಡಿ ಹ್ಯಾಸ್ಲರ್ ಎಂಬಾತ 1960ರ ದಶಕದಲ್ಲಿ ಈ ಲೋಲಕದ ಉಪಾಯವನ್ನು ಬಳಕೆಗೆ ತಂದ. 1960ರಲ್ಲಿ ನಡೆದ ಅಟ್ಲಾಂಟಿಕ್ ದಾಟುವ ಏಕಾಂಗಿ ಸ್ಪರ್ಧೆಯಲ್ಲಿ ಅವನೂ, ಗೆದ್ದ ಫ್ರಾನ್ಸಿಸ್ ಚಿಚೆಸ್ಟರನೂ ಗಾಳಿಯ ಸಹಾಯದಿಂದಲೇ ಚುಕ್ಕಾಣಿ ನಡೆಸಿದರು. ಲೋಲಕದ ಬದಲು ಹಿಂದೆ ಇನ್ನೊಂದು ಚಿಕ್ಕ ಚುಕ್ಕಾಣಿಯನ್ನೇ ಜೋಡಿಸಿ, ದೊಡ್ಡದನ್ನು ಕಟ್ಟಿಟ್ಟು, ಚಿಕ್ಕದನ್ನು ಮಾತ್ರ ಗಾಳಿಹಲಗೆಯಿಂದ ತಿರುಗಿಸುವ ಬಗೆಯೂ ಉಂಟು. ಅದಕ್ಕೆ ಹಗ್ಗಗಳ ರಗಳೆ ಇಲ್ಲ. ದೊಡ್ಡ ಚುಕ್ಕಾಣಿ ಮುರಿದರೆ ಇದೇ ಆಸರೆಯಾಗುತ್ತದೆ. ಆದರೆ ತಿರುಗಿಸುವ ಬಲ ಕಡಿಮೆ.

ಇನ್ನು ವಿದ್ಯುತ್ತಿನಿಂದ ನಡೆಯುವ ಆಟೋಪೈಲಟ್. ಇದರಲ್ಲಿ ದಿಕ್ಸೂಚಿ ಇರುತ್ತದೆ. 'ಪಶ್ಚಿಮಕ್ಕೆ ಹೋಗು' ಎಂದು ಗುಂಡಿ ಒತ್ತಿದರೆ ಸಾಕು, ದೋಣಿ ಸರಿದಾಗಲೆಲ್ಲ ಮೋಟಾರು ಹಿಡಿಕೋಲನ್ನು ನೂಕಿ ಸರಿಪಡಿಸುತ್ತದೆ. ಗಾಳಿ ನಿಂತರೂ ಕೆಲಸ ಮಾಡುತ್ತದೆ. ಆದರೆ ಹಗಲು ರಾತ್ರಿ ಬ್ಯಾಟರಿಯನ್ನು ತಿನ್ನುತ್ತದೆ. ಮೋಡ ಕವಿದರೆ ಸೌರಫಲಕದಿಂದ ವಿದ್ಯುತ್ ಸಾಲದು. ಒಳಗೆ ಉಪ್ಪುನೀರು ಹೊಕ್ಕರಂತೂ ಮುಗಿಯಿತು.

ಈಗ ಚಕ್ಕಡಿಯ ಮಾತು ನೆನಪಿಸಿಕೊಳ್ಳಿ. ಗಾಳಿಹಲಗೆ ನೋಡುವುದು ಗಾಳಿಯನ್ನು ಮಾತ್ರ. ರಾತ್ರಿ ಗಾಳಿ ಪಶ್ಚಿಮದಿಂದ ವಾಯವ್ಯಕ್ಕೆ ತಿರುಗಿದರೆ ದೋಣಿಯೂ ಸದ್ದಿಲ್ಲದೆ ತಿರುಗುತ್ತದೆ. ಆಟೋಪೈಲಟ್ ಹಾಗಲ್ಲ, ಅದು ದಿಕ್ಕು ಬಿಡುವುದಿಲ್ಲ. ಆದರೆ ಗಾಳಿ ತಿರುಗಿದ್ದು ಅದಕ್ಕೆ ತಿಳಿಯದೆ ಹಾಯಿಗಳು ಪಟಪಟ ಬಡಿಯತೊಡಗುತ್ತವೆ, ಇಲ್ಲವೇ ಧಡಾರನೆ ಇನ್ನೊಂದು ಬದಿಗೆ ಹೊರಳುತ್ತವೆ. (ಗಾಳಿಯ ದಿಕ್ಕನ್ನೂ ಅಳೆಯುವ ದುಬಾರಿ ಆಟೋಪೈಲಟ್‌ಗಳೂ ಈಗ ಇವೆ.) ಆದ್ದರಿಂದ ಆರಿಸುವಾಗ ಅದು ಏನನ್ನು ನೋಡಿ ನಡೆಯುತ್ತದೆ, ಅದಕ್ಕೆ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಕಾರವಾರದ ಬಳಿ ದಡ ಕಾಣುವಷ್ಟು ದೂರದಲ್ಲಿ ಒಂದು ದಿನ ಸುತ್ತಿ ಬರುವ ದೋಣಿಗೆ ಹಗ್ಗ-ರಬ್ಬರ್ ಅಥವಾ ಸಣ್ಣ ಆಟೋಪೈಲಟ್ ಸಾಕು. ತಿಂಗಳುಗಟ್ಟಲೆ ಸಾಗರ ದಾಟುವ ಚಿಕ್ಕ ದೋಣಿಗೆ, ನನ್ನನ್ನು ಕೇಳಿದರೆ, ಲೋಲಕದ ಗಾಳಿಹಲಗೆಯೇ ಸರಿ. ಗಾಳಿ ಜೋರಾಗಿ ದೋಣಿ ಓಡಿದಷ್ಟೂ ಅದರ ಬಲ ಹೆಚ್ಚುತ್ತದೆ. ಗಾಳಿ ತೀರ ಮಂದವಾಗಿ ದೋಣಿ ನಿಂತರೆ ಮಾತ್ರ ಅದೂ ಸುಮ್ಮನಾಗುತ್ತದೆ. ಅಂಥ ಹೊತ್ತಿಗೆಂದು ಅನೇಕರು ಎರಡನ್ನೂ ಒಯ್ಯುತ್ತಾರೆ.

ಮೂರನೆಯ ಪ್ರಶ್ನೆಯೂ ಇದೆ: ಮುರಿದರೆ ನಮ್ಮ ಕೈಯಿಂದ ರಿಪೇರಿ ಆಗುತ್ತದೆಯೇ? ನಡುಗಡಲಿನಲ್ಲಿ ಗ್ಯಾರೇಜು ಎಲ್ಲಿಂದ ಬರಬೇಕು! 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬಾತ ಎಲ್ಲಿಯೂ ನಿಲ್ಲದೆ ಒಬ್ಬನೇ ಪ್ರಪಂಚ ಸುತ್ತಿದ ಮೊದಲಿಗನಾದ. ಅವನ 32 ಅಡಿಯ 'ಸುಹೈಲಿ' ದೋಣಿಯನ್ನು ಸಾಗವಾನಿ ಮರದಿಂದ ಕಟ್ಟಿದ್ದು ನಮ್ಮ ಮುಂಬೈಯಲ್ಲಿ. ಆಸ್ಟ್ರೇಲಿಯಾದ ಹತ್ತಿರ ಅವನ ಗಾಳಿಹಲಗೆಯ ಯಂತ್ರ ಮುರಿದುಹೋಯಿತು. ಮುಂದಿನ ಅರ್ಧ ಪ್ರಪಂಚವನ್ನು ಅವನು ಸ್ಲೋಕಮ್‌ನಂತೆ ಹಾಯಿಗಳ ಸಮತೋಲನವನ್ನೇ ನಂಬಿ ಕ್ರಮಿಸಿದ.

ಆ ಯಾನದ ನೆನಪಿಗಾಗಿ ನಡೆಯುವ 'ಗೋಲ್ಡನ್ ಗ್ಲೋಬ್' ಸ್ಪರ್ಧೆಯಲ್ಲಿ ವಿದ್ಯುತ್ ಆಟೋಪೈಲಟ್ ಬಳಸುವಂತಿಲ್ಲ. ಅಭಿಲಾಷ್ ಟೋಮಿ ಅವರು 2018ರಲ್ಲಿ 'ಸುಹೈಲಿ'ಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ 'ತುರೀಯ' ದೋಣಿಯಲ್ಲಿ ಈ ಸ್ಪರ್ಧೆಗೆ ಹೋಗಿ, ಬಿರುಗಾಳಿಗೆ ಸಿಕ್ಕಿ ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದರು. 2022ರಲ್ಲಿ ಮತ್ತೆ ಹೊರಟರು. ಈ ಬಾರಿ ಎಲ್ಲರಿಗಿಂತ ಮುಂದಿದ್ದವನು ಸೈಮನ್ ಕರ್ವೆನ್. ಅವನ ಗಾಳಿಹಲಗೆಯ ಯಂತ್ರ ಪೆಸಿಫಿಕ್ ಸಾಗರದಲ್ಲಿ ಮುರಿಯಿತು. ರಿಪೇರಿಗಾಗಿ ಚಿಲಿ ದೇಶದ ದಡಕ್ಕೆ ಹೋದ ಕಾರಣ, ಕೊನೆಗೆ ಎಲ್ಲರಿಗಿಂತ ಮೊದಲು ಬಂದು ಮುಟ್ಟಿದರೂ ಅವನಿಗೆ ಮೊದಲ ಸ್ಥಾನ ಸಿಗಲಿಲ್ಲ. ಅಭಿಲಾಷ್ ಅವರ ಯಂತ್ರವೂ ಕೈಕೊಟ್ಟಿತ್ತು. ಅವರು ದೋಣಿಯಲ್ಲಿದ್ದ ಸಾಮಾನುಗಳಿಂದಲೇ ಮತ್ತೆ ಮತ್ತೆ ರಿಪೇರಿ ಮಾಡಿಕೊಂಡು ಮುಂದುವರಿದರು. 2023ರ ಏಪ್ರಿಲ್ 29ರಂದು ಗುರಿ ಮುಟ್ಟಿ ಎರಡನೆಯ ಸ್ಥಾನ ಪಡೆದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ.

ಇಷ್ಟನ್ನೂ ಕೇಳಿದ ಮೇಲೆ ಆ ಹುಡುಗಿ ಸುಮ್ಮನೆ ಕೂರಲಿಲ್ಲ. "ಸರ್, ಎದುರಿಗೆ ದೊಡ್ಡ ಹಡಗ ಬಂದ್ರ ಆ ಹಲಗಿಗೆ ಕಾಣ್ತದೇನ್ರಿ?" ಎಂದಳು. ಕಾಣುವುದಿಲ್ಲ. ಗಾಳಿಹಲಗೆಗೂ ಕಾಣುವುದಿಲ್ಲ, ಆಟೋಪೈಲಟ್‌ಗೂ ಕಾಣುವುದಿಲ್ಲ. ಅದಕ್ಕೇ ಒಂಟಿ ನಾವಿಕರು ಹಡಗುಗಳ ಓಡಾಟವಿರುವ ಕಡೆ ಅಲಾರಾಂ ಇಟ್ಟುಕೊಂಡು, ತುಸು ತುಸು ನಿದ್ದೆ ಮಾಡಿ, ಎದ್ದು ಸುತ್ತಲೂ ಒಮ್ಮೆ ನೋಡಿ, ಮತ್ತೆ ಮಲಗುತ್ತಾರೆ.