ಅಲೆ ಹೊತ್ತು ತರುವುದು ನೀರನ್ನಲ್ಲ, ಶಕ್ತಿಯನ್ನು

2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಭೂಕಂಪ ಸಂಭವಿಸಿದ ಎರಡು ಗಂಟೆಗಳ ತರುವಾಯ ತಮಿಳುನಾಡು ಕರಾವಳಿಗೆ ಸುನಾಮಿ ಅಪ್ಪಳಿಸಿ ಸಾವಿರಾರು ಜನ ಬಲಿಯಾದರು. ಆದರೆ ಸುಮಾತ್ರಾದ ನೀರು ಅಲ್ಲಿಗೆ ಹರಿದು ಬಂದಿರಲಿಲ್ಲ, ಬಂದದ್ದು ಶಕ್ತಿ. ಅಲೆ ಸಾಗುವಾಗ ಮಾಧ್ಯಮದ ಕಣಗಳು ತಮ್ಮ ನೆಲೆಯ ಆಸುಪಾಸಿನಲ್ಲೇ ಚಲಿಸಿ, ಶಕ್ತಿಯನ್ನು ಪಕ್ಕದ ಕಣಗಳಿಗೆ ದಾಟಿಸುತ್ತವೆ.

ಕಣಗಳು ಅಲೆಯ ದಿಕ್ಕಿನಲ್ಲೇ ಹಿಂದೆಮುಂದೆ ಚಲಿಸಿದರೆ ಅದು ನೀಳ ತರಂಗ. ಶಬ್ದ ಹಾಗೂ ಭೂಕಂಪದ ‘ಪಿ’ ತರಂಗ ಈ ಬಗೆಯವು. ಅಡ್ಡಲಾಗಿ ಚಲಿಸಿದರೆ ಅಡ್ಡ ತರಂಗ; ನಿಧಾನವಾಗಿ ಬರುವ ‘ಎಸ್’ ತರಂಗ ಇಂಥದ್ದು. ನೀರಿನ ಅಲೆಯಲ್ಲಿ ಎರಡೂ ಚಲನೆಗಳಿವೆ. ಬೆಳಕು, ರೇಡಿಯೊ ತರಂಗಗಳಿಗೆ ಮಾಧ್ಯಮವೇ ಬೇಕಿಲ್ಲ.

ಸುಮಾತ್ರಾದಿಂದ ‘ಪಿ’ ತರಂಗ ಭಾರತ ತಲುಪಲು ಕೆಲವೇ ನಿಮಿಷ ಸಾಕು. ಸುನಾಮಿಗೆ ಮುನ್ನ ದೊರೆಯುವ ಈ ಕಾಲಾವಕಾಶವೇ 2007ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರಕ್ಕೆ ಆಧಾರ.