ಬದಲಾಯಿಸಿದ ಡಿಸ್‌ಪ್ಲೇ, ಬದಲಾಯಿಸದ ಮಾತು

ಮಾರೇನಹಳ್ಳಿಯಲ್ಲಿ ನನ್ನ ಹಳೇ ಫೋನ್ ನೋಡೋಕೆ ಒಬ್ಬ ಡೆಲಿವರಿ ಹುಡುಗ ಬಂದ. "ಬ್ಯಾಟರಿ ಸಂಜೆವರೆಗೂ ಬರುತ್ತಾ ಸಾರ್?"

"ಇಲ್ಲಪ್ಪ, ಮಧ್ಯಾಹ್ನಕ್ಕೇ ಚಾರ್ಜ್ ಬೇಕು. ಡಿಸ್‌ಪ್ಲೇ ಕೂಡ ಬದಲಾಯಿಸಿದ್ದು" ಅಂದೆ. ಎರಡು ಸಾವಿರ ಇಳಿಸಿದೆ.

ವೀಕ್ಷಕರೇ, ಗೊತ್ತಿರುವ ದೋಷವನ್ನು ಬೇಕಂತಲೇ ಮುಚ್ಚಿಟ್ಟು ಮಾರಿದರೆ, 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ವಂಚನೆ. ಕೊಳ್ಳುವವರೂ ಪರೀಕ್ಷಿಸಿ: *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಫೋನ್ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ.

ನಾನು ಬಿಟ್ಟ ದುಡ್ಡಲ್ಲಿ ಆ ಹುಡುಗ ಹೊಸ ಬ್ಯಾಟರಿ ಹಾಕಿಸಿಕೊಂಡ. ಸುಳ್ಳು ಹೇಳಿದ್ದರೆ ಅವನ ಅರ್ಧ ದಿನದ ದುಡಿಮೆ ಹೋಗುತ್ತಿತ್ತು, ಅದೂ ದಿನಾ.