ಗದ್ದಲಕ್ಕಿಂತ ಮೊದಲು ದನಿ

ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಜನ ಲಕ್ಷದ ಲೆಕ್ಕದವರು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನು ಏರುವ ತನಕ ಡಮರುಗದ ಸದ್ದು, ‘ಏಳುಕೋಟಿ’ಯ ಘೋಷ, ಮಕ್ಕಳ ಅಳು, ಪೀಪಿ, ಕಳೆದುಹೋದವರನ್ನು ಕೂಗುವವರ ದನಿ ಎಲ್ಲವೂ ಒಂದರ ಮೇಲೊಂದು. ಬಿಲ್ಲಿನ ತುದಿ ಮುಟ್ಟಿದ ಗೊರವಯ್ಯ ಮೊದಲು ಮಾಡುವ ಕೆಲಸ ಕಾರಣಿಕ ನುಡಿಯುವುದಲ್ಲ. ‘ಸದ್ದಲೇ’ ಎಂದು ಕೂಗುವುದು. ಆ ಒಂದು ಕೂಗಿಗೆ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆಮೇಲೆ ಕಾರಣಿಕ, ಅದೂ ಒಂದೇ ಸಾಲು. ಮಳೆ, ಬೆಳೆ, ರಾಜಕೀಯ ಎಲ್ಲದರ ಅರ್ಥವನ್ನೂ ವರ್ಷವಿಡೀ ಆ ಸಾಲಿನಿಂದಲೇ ಬಿಡಿಸಿಕೊಳ್ಳಬೇಕಾದ್ದರಿಂದ ಒಂದು ಅಕ್ಷರ ತಪ್ಪಿ ಕೇಳಿಸಿದರೂ ಕೆಟ್ಟಿತು.

ಧ್ವನಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಬಹಳ ಜಾಣ ಏರ್ಪಾಡು. ದನಿ ಕೇಳಿಸಬೇಕಾದರೆ ಅದು ದೊಡ್ಡದಾಗಿರಬೇಕೆಂದೇನಿಲ್ಲ, ಸುತ್ತಲಿನ ಗದ್ದಲಕ್ಕಿಂತ ಮೇಲಿದ್ದರೆ ಸಾಕು. ಎಂಜಿನಿಯರುಗಳು ಇದನ್ನೇ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ ಎನ್ನುತ್ತಾರೆ. ನಾನು ಇಲ್ಲಿ ಹೇಳಹೊರಟಿರುವ ಪುಟ್ಟ ಸಾಧನ, ಅಂದರೆ ಪ್ರೀ ಆಂಪ್ಲಿಫೈಯರ್ ಅಥವಾ ಪೂರ್ವವರ್ಧಕ, ಈ ಅನುಪಾತವನ್ನು ಕಾಯುವುದಕ್ಕಾಗಿಯೇ ಹುಟ್ಟಿದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಬೆಸುಗೆ ಕಡ್ಡಿ ಹಿಡಿಯಲು ಕಲಿತ ಹುಡುಗರಿಗೆ ಮೊದಲು ಹುಟ್ಟುವ ಆಸೆ ಐನೂರು ವಾಟಿನ ಆಂಪ್ಲಿಫೈಯರ್ ಕಟ್ಟುವುದು. ಗಣೇಶನ ಮೆರವಣಿಗೆಗೆ ಅದು ಒದಗೀತು. ಆದರೆ ಈ ಐದು ತಾಲ್ಲೂಕುಗಳಲ್ಲಿ ಕೊರತೆ ಇರುವುದು ವಾಟಿಗಲ್ಲ.

ಹರಪನಹಳ್ಳಿಯೊಂದೇ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದವುಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಈ ಸೀಮೆಯ ರಾತ್ರಿಗಳು ಆಟದ ರಾತ್ರಿಗಳೇ. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ಅಟ್ಟ ಕಟ್ಟಿ ಬೆಳಗಿನ ತನಕ ದೊಡ್ಡಾಟ. ಮಠದ ಜಗಲಿಯಲ್ಲಿ ಏಕತಾರಿ ಹಿಡಿದು ತತ್ವಪದ. ಹುಣ್ಣಿಮೆಗೆ ಎಲ್ಲಮ್ಮನ ಚೌಡಿಕೆ ಪದ. ಮೈಕು ಬರುವ ಮೊದಲು ಭಾಗವತನೂ ಹಿಮ್ಮೇಳದವರೂ ಎದೆ ಬಿಚ್ಚಿ ಹಾಡಿ, ಮುಖವೀಣೆ ಮದ್ದಳೆಗಳನ್ನು ಜೊತೆಗಿಟ್ಟುಕೊಂಡು, ಬಯಲಿನ ಕೊನೆಯ ಸಾಲಿಗೂ ಪದ ಮುಟ್ಟಿಸುತ್ತಿದ್ದರು. ಆಮೇಲೆ ಅಟ್ಟದ ನಡುವೆ ಮೈಕು ಇಳಿಬಿದ್ದಿತು. ಪಾತ್ರಧಾರಿ ಅದರ ಕೆಳಗೆ ಬಂದು ನಿಂತು ಹಾಡಿ, ಮತ್ತೆ ತನ್ನ ಜಾಗಕ್ಕೆ ಹೋಗಿ ಕುಣಿಯತೊಡಗಿದ. ಹಾರ್ಮೋನಿಯಂ, ತಬಲಾಗಳಿಗೆ ಇದರಿಂದ ಲಾಭವೇ ಆಯಿತು. ಸೋತದ್ದು ಮೆಲುದನಿಯ ವಾದ್ಯಗಳು. ಚೌಡಿಕೆಯ ತಂತಿಯೂ ಏಕತಾರಿಯ ಶ್ರುತಿಯೂ ಹಾರ್ನಿನಲ್ಲಿ ಬರುವುದೇ ಇಲ್ಲ. ‘ಯಜಮಾನ್ರ, ಮೈಕಿನ ಹತ್ರ ಬರ್ರಿ’ ಎಂದು ಮೈಕ್‌ಸೆಟ್ಟಿನ ಹುಡುಗ ಹೇಳುತ್ತಾನೆ. ಅವರು ಬಂದರೆ ಗಂಟಲು ಕಿವಿಗೆ ಬಡಿಯುತ್ತದೆ, ತಂತಿ ಆಗಲೂ ಕೇಳಿಸದು. ನಮ್ಮ ಮಗ್ಗುಲಿನ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಜೋಗತಿಯರ ಕಲೆಯ ಕಡೆಗೆ ನಾಡು ತಿರುಗಿ ನೋಡಿತು. ಆ ಪದಗಳ ಬೆನ್ನಿಗಿರುವ ಚೌಡಿಕೆ ಮಾತ್ರ ಇನ್ನೂ ಅನೇಕ ಊರುಗಳಲ್ಲಿ ಕಣ್ಣಿಗೆ ಕಾಣುವ, ಕಿವಿಗೆ ಕೇಳದ ವಾದ್ಯವಾಗಿಯೇ ಉಳಿದಿದೆ.

ಇದಕ್ಕೆ ಕಾರಣ ಲೆಕ್ಕದಲ್ಲಿದೆ. ಸಾಮಾನ್ಯ ಡೈನಮಿಕ್ ಮೈಕು ಹತ್ತಿರದ ಮಾತಿಗೆ ಹುಟ್ಟಿಸುವ ವಿದ್ಯುತ್ತು ಒಂದೆರಡು ಮಿಲಿವೋಲ್ಟ್, ಎಂದರೆ ವೋಲ್ಟಿನ ಸಾವಿರದ ಒಂದೆರಡು ಪಾಲು. 8 ಓಮಿನ ಸ್ಪೀಕರಿನಲ್ಲಿ 50 ವಾಟ್ ಬರಬೇಕಾದರೆ 20 ವೋಲ್ಟ್ ಬೇಕು. ಅಷ್ಟು ದೂರದ ಏರನ್ನು ಒಂದೇ ಜಿಗಿತಕ್ಕೆ ಹತ್ತಲಾಗದು. ಮೊದಲ ಮೆಟ್ಟಿಲು ಪೂರ್ವವರ್ಧಕದ್ದು. ಅದು ಮಿಲಿವೋಲ್ಟನ್ನು ವೋಲ್ಟಿನ ಹತ್ತಿರಕ್ಕೆ ತಂದುಕೊಡುತ್ತದೆ. ಆ ಮೆಟ್ಟಿಲನ್ನು ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೈಕಿನಿಂದ ಹೊರಟದ್ದು 1 ಮಿಲಿವೋಲ್ಟ್ ಎನ್ನಿ. ಉದ್ದನೆಯ ತಂತಿಯಲ್ಲಿ ಬರುವಾಗ ಪಕ್ಕದ ಕರೆಂಟಿನ ವೈರಿನಿಂದ ಇನ್ನೊಂದು ಮಿಲಿವೋಲ್ಟಿನಷ್ಟು ‘ಗುಂಯ್’ ಅದಕ್ಕೆ ಸೇರಿತು. ಈಗ ನೂರು ಪಟ್ಟು ಹೆಚ್ಚಿಸಿದರೆ ಹಾಡೂ 100, ಗುಂಯ್ ಕೂಡ 100. ಹಾಗಲ್ಲದೆ ವಾದ್ಯದ ಬಳಿಯೇ ನೂರು ಪಟ್ಟು ಹೆಚ್ಚಿಸಿ ಆಮೇಲೆ ತಂತಿಗೆ ಬಿಟ್ಟರೆ ಹಾಡು 100, ಗುಂಯ್ ಬರೀ 1. ಸಾಮಾನು ಅದೇ, ಖರ್ಚು ಅದೇ, ಜಾಗ ಮಾತ್ರ ಬೇರೆ. ಸರಣಿಯಲ್ಲಿ ನಿಂತ ವರ್ಧಕಗಳಲ್ಲಿ ಗದ್ದಲದ ಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೊದಲನೆಯದೇ ಎಂಬುದಕ್ಕೆ ಹೆರಾಲ್ಡ್ ಫ್ರಿಸ್ 1944ರಲ್ಲಿ ಸೂತ್ರವನ್ನೇ ಕೊಟ್ಟ. ಮೊದಲ ಮನೆಯಲ್ಲಿ ಕೆಟ್ಟದ್ದನ್ನು ಮುಂದಿನ ಎಷ್ಟು ಲಕ್ಷದ ಆಂಪ್ಲಿಫೈಯರೂ ಸರಿಮಾಡಲಾರದು.

ಹೊರಗಿನ ಗದ್ದಲ ಪೂರ್ತಿ ತಪ್ಪಿಸಿದರೂ ಒಳಗಿನದೊಂದು ಇದ್ದೇ ಇರುತ್ತದೆ. ಯಾವುದೇ ರೆಸಿಸ್ಟರಿನೊಳಗೆ ಶಾಖದಿಂದಾಗಿ ಎಲೆಕ್ಟ್ರಾನುಗಳು ತಳಮಳಿಸುತ್ತಲೇ ಇರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ಸನ್ ಇದನ್ನು ಅಳೆದು, ನೈಕ್ವಿಸ್ಟ್ ಅದಕ್ಕೆ ಗಣಿತ ಕೊಟ್ಟು 1928ರಲ್ಲಿ ಪ್ರಕಟಿಸಿದರು. ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ 600 ಓಮಿನ ರೆಸಿಸ್ಟರೊಂದು ಹುಟ್ಟಿಸುವ ಗದ್ದಲ ಸುಮಾರು 0.44 ಮೈಕ್ರೋವೋಲ್ಟ್. ಮೈಕಿನ ದನಿ ಇದರ ಎರಡು ಸಾವಿರ ಪಟ್ಟಿಗೂ ಮೇಲೆ. ಶಾಖದಿಂದ ಅಂದ ಮೇಲೆ ನಮ್ಮ ಕಡೆಯ ಬಿಸಿಲಿನ ಗತಿಯೇನು ಎಂದು ಯಾರಾದರೂ ಕೇಳಬಹುದು. ಈ ಲೆಕ್ಕ ನಡೆಯುವುದು ಪರಮ ಶೂನ್ಯದಿಂದ ಎಣಿಸಿದ ಉಷ್ಣತೆಯಲ್ಲಿ. 27 ಡಿಗ್ರಿಯಿಂದ 42 ಡಿಗ್ರಿಗೆ ಏರಿದರೆ ಗದ್ದಲ ಹೆಚ್ಚುವುದು ಶೇಕಡಾ ಎರಡೂವರೆಯಷ್ಟು. ಸೆಟ್ಟು ಗೊರಗುಟ್ಟಿದರೆ ಬಿಸಿಲನ್ನು ದೂರುವಂತಿಲ್ಲ.

ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ ಇಷ್ಟೆ: ಮೈಕಿನ ಪೂರ್ವವರ್ಧಕಕ್ಕೂ ಮುಂಚೆ ಚೌಡಿಕೆಗೋ ಏಕತಾರಿಗೋ ಒಂದನ್ನು ಕಟ್ಟಿ. ಅದು ಹೆಚ್ಚು ಸುಲಭ, ಊರಿಗೂ ಹೆಚ್ಚು ಉಪಯೋಗ. ದನಿ ಹಿಡಿಯಲು ಪೀಜೋ ಬಿಲ್ಲೆ ಸಾಕು. ಬಜರುಗಳಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡುಗಳಲ್ಲಿ ಇರುವ, ಹಿತ್ತಾಳೆ ತಗಡಿನ ಮೇಲೆ ಬಿಳಿಯ ಲೇಪವಿರುವ ದುಂಡನೆಯ ಬಿಲ್ಲೆ ಅದು. ಬೆಲೆ ಕೆಲವೇ ರೂಪಾಯಿ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡದ್ದರ ಮೊಮ್ಮಗು. ವಾದ್ಯದ ಮೈಗೆ ಅಂಟಿಸಿದರೆ ಆ ಮೈ ನಡುಗಿದಷ್ಟೂ ಇದು ನುಡಿಯುತ್ತದೆ. ಪಕ್ಕದ ತಬಲಾ ಅದಕ್ಕೆ ಹೆಚ್ಚು ಕೇಳಿಸುವುದಿಲ್ಲ. ಇದೇ ಅದರ ದೊಡ್ಡ ಗುಣ.

ಆದರೆ ಬಿಲ್ಲೆಯ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿನ ಮೈಕ್ ಸಾಕೆಟ್ಟಿಗೆ ಸಿಕ್ಕಿಸಿದವರು ತಗಡಿನ ಡಬ್ಬಿ ಬಡಿದಂಥ ಸದ್ದು ಕೇಳಿ ಕೈಬಿಡುತ್ತಾರೆ. ತಪ್ಪು ಬಿಲ್ಲೆಯದಲ್ಲ. ಚಿಕ್ಕಹಗರಿಯ ಮರಳಿನಲ್ಲಿ ಒರತೆ ತೋಡಿದವರಿಗೆ ಇದು ಗೊತ್ತು: ಚಿಪ್ಪಿನಲ್ಲಿ ಮೊಗೆದರೆ ದಿನವಿಡೀ ತಿಳಿನೀರು, ಮೋಟಾರು ಇಟ್ಟರೆ ಒಂದು ನಿಮಿಷಕ್ಕೆ ಕೆಸರು. ಪೀಜೋ ಬಿಲ್ಲೆಯೂ ಅಂಥ ತೆಳು ಒರತೆ. 27 ಮಿಲಿಮೀಟರಿನ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರಿನಂತೆ ವರ್ತಿಸುತ್ತದೆ. ಅದನ್ನು 10 ಕಿಲೋ ಓಮಿನ ಸಾಕೆಟ್ಟಿಗೆ ಕೊಟ್ಟರೆ 800 ಹರ್ಟ್ಸಿಗಿಂತ ಕೆಳಗಿನ ಸ್ವರಗಳೆಲ್ಲ ಸೊರಗುತ್ತವೆ. ಗಂಡಸರ ಮಾತಿನ ಮೂಲ ಕಂಪನವೇ 100ರಿಂದ 150 ಹರ್ಟ್ಸಿನ ಆಸುಪಾಸಿನದು, ಅವರ ಏಕತಾರಿಯ ಶ್ರುತಿಯೂ ಅಲ್ಲೇ ಎಲ್ಲೋ ಇರುತ್ತದೆ ಎಂದ ಮೇಲೆ ಇನ್ನೇನು ಉಳಿದೀತು? ಅದನ್ನೇ 1 ಮೆಗಾ ಓಮಿಗೆ ಕೊಟ್ಟರೆ ಗಡಿ 8 ಹರ್ಟ್ಸಿಗೆ ಇಳಿಯುತ್ತದೆ. ಕಿವಿಗೆ ಕೇಳುವುದೆಲ್ಲ ಒಳಗೆ ಬಂದಂತೆ.

ಸಾಮಾನಿನ ಪಟ್ಟಿ ಚಿಕ್ಕದು: ಟಿಎಲ್ 071 ಎಂಬ ಎಂಟು ಕಾಲಿನ ಐಸಿ, ಅದಕ್ಕೊಂದು ಬೇಸು, 9 ವೋಲ್ಟಿನ ಚೌಕದ ಸೆಲ್ಲು, ಒಂಬತ್ತು ರೆಸಿಸ್ಟರು ಕೆಪಾಸಿಟರು, ತೂತಿನ ಬೋರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಲಿ ಚೀಟಿ ಕೊಟ್ಟರಾಯಿತು, ಈಗ ಅಂಚೆಯಲ್ಲೂ ತರಿಸಬಹುದು. 7ನೇ ಕಾಲಿಗೆ ಸೆಲ್ಲಿನ ಧನ, 4ನೇ ಕಾಲಿಗೆ ಋಣ. ಧನದಿಂದ ಋಣಕ್ಕೆ 100 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಬೆಸೆಯಿರಿ. ಅವುಗಳ ನಡುವೆ ಸಿಗುವುದು ಸರಿ ಅರ್ಧ, ನಾಲ್ಕೂವರೆ ವೋಲ್ಟ್. ಆ ನಡುವಿನಿಂದ ಋಣಕ್ಕೊಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್, 3ನೇ ಕಾಲಿಗೊಂದು 1 ಮೆಗಾ ಓಮ್. ಬಿಲ್ಲೆಯ ಒಂದು ತಂತಿ 0.1 ಮೈಕ್ರೋಫ್ಯಾರಡ್ ಮೂಲಕ ಅದೇ 3ನೇ ಕಾಲಿಗೆ, ಇನ್ನೊಂದು ಋಣಕ್ಕೆ. ಹೊರಬಾಗಿಲಾದ 6ನೇ ಕಾಲಿನಿಂದ 2ಕ್ಕೆ 10 ಕಿಲೋ ಓಮ್. 2ರಿಂದ 1 ಕಿಲೋ ಓಮ್, ಅದರ ತುದಿಯಿಂದ 10 ಮೈಕ್ರೋಫ್ಯಾರಡ್ ಮೂಲಕ ಋಣಕ್ಕೆ. ದನಿ ಎಷ್ಟು ಪಟ್ಟು ಏರುತ್ತದೆಂದು ತಿಳಿಯಲು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದು ಸೇರಿಸಿ: ಇಲ್ಲಿ ಹನ್ನೊಂದು ಪಟ್ಟು. ವಾದ್ಯದ ಬಿಲ್ಲೆಗೆ ಇಷ್ಟು ಧಾರಾಳ. 6ನೇ ಕಾಲಿನಿಂದ ಇನ್ನೊಂದು 10 ಮೈಕ್ರೋಫ್ಯಾರಡ್ ದಾಟಿಸಿ 10 ಕಿಲೋ ಓಮಿನ ವಾಲ್ಯೂಮಿಗೆ, ಅಲ್ಲಿಂದ ಆಂಪ್ಲಿಫೈಯರಿನ ಆಕ್ಸ್ ಸಾಕೆಟ್ಟಿಗೆ. ಮೈಕ್ ಸಾಕೆಟ್ಟಿಗೆ ಬೇಡ. ಅಲ್ಲಿ ಮತ್ತೊಂದು ಪೂರ್ವವರ್ಧಕ ಕಾದು ಕುಳಿತಿದೆ, ಎರಡೂ ಸೇರಿ ದನಿ ಒಡೆದುಹೋಗುತ್ತದೆ. ಮುಂದೆ ಡೈನಮಿಕ್ ಮೈಕಿಗೆ ಕಟ್ಟುವ ಮನಸ್ಸಾದರೆ ಇದೇ ಬೋರ್ಡಿನಲ್ಲಿ ಐಸಿಯ ಜಾಗಕ್ಕೆ ಗದ್ದಲ ಕಡಿಮೆಯ ಎನ್‌ಇ 5534 ಹಾಕಿ, 1 ಮೆಗಾ ಓಮಿನ ಬದಲು 47 ಕಿಲೋ ಓಮ್, 10 ಕಿಲೋ ಓಮಿನ ಬದಲು 100 ಕಿಲೋ ಓಮ್ ಬೆಸೆದರಾಯಿತು.

ರೆಸಿಸ್ಟರಿನ ಪಟ್ಟೆಗಳನ್ನು ಹಗಲು ಬೆಳಕಿನಲ್ಲೇ ಓದಿ. ಕಂದು, ಕಪ್ಪು, ಕೆಂಪು ಎಂದರೆ 1 ಕಿಲೋ ಓಮ್. ಕಂದು, ಕಪ್ಪು, ಕಿತ್ತಳೆ ಎಂದರೆ 10. ರಾತ್ರಿಯ ಬಲ್ಬಿನಡಿ ಕೆಂಪೂ ಕಿತ್ತಳೆಯೂ ಅಣ್ಣತಮ್ಮಂದಿರು. ಎರಡೂ ಅದಲು ಬದಲಾದರೆ ಹನ್ನೊಂದು ಪಟ್ಟಿನ ವರ್ಧಕ ಏನನ್ನೂ ವರ್ಧಿಸದೆ ಸುಮ್ಮನೆ ಕೂರುತ್ತದೆ. ಬೆಸೆಯುವಾಗ ಕಾಲು ಮತ್ತು ತಾಮ್ರ ಎರಡನ್ನೂ ಮೊದಲು ಕಾಯಿಸಿ, ಆಮೇಲೆ ತವರದ ತಂತಿ ತಾಗಿಸಬೇಕು. ತವರವನ್ನು ಕಡ್ಡಿಯ ತುದಿಯಲ್ಲಿ ಕರಗಿಸಿ ಮೆತ್ತಿದರೆ ಮೇಲೆ ಬೆಸುಗೆ, ಒಳಗೆ ಬಿರುಕು. ರಿಪೇರಿಯವರು ಡ್ರೈ ಸೋಲ್ಡರ್ ಎಂದು ಬೈಯುವುದು ಇದನ್ನೇ. ಪೀಜೋದ ಬಿಳಿಯ ಲೇಪಕ್ಕೆ ಬೆಸೆಯುವಾಗಲಂತೂ ಕಡ್ಡಿ ತಾಗಿಸಿ ಒಂದು ಕ್ಷಣಕ್ಕೆ ಎತ್ತಿಬಿಡಿ. ಹೆಚ್ಚು ಕಾದರೆ ಲೇಪ ಎದ್ದುಬರುತ್ತದೆ. ಸಾಮಾನ್ಯ ಬೆಸುಗೆ ತವರದಲ್ಲಿ ಶೇಕಡಾ ನಲವತ್ತರಷ್ಟು ಸೀಸವಿರುತ್ತದೆ, ಕೈ ತೊಳೆಯದೆ ಮಂಡಕ್ಕಿಗೆ ಕೈ ಹಾಕಬಾರದು.

ಎಲ್ಲ ಮುಗಿದ ಮೇಲೆ ಸ್ಪೀಕರಿಗೆ ಜೋಡಿಸುವ ಆತುರ ಬೇಡ. ಮೀಟರಿನ ಕಪ್ಪು ಕಡ್ಡಿಯನ್ನು ಋಣಕ್ಕೆ, ಕೆಂಪನ್ನು 6ನೇ ಕಾಲಿಗೆ ಇಟ್ಟು ನೋಡಿ. ನಾಲ್ಕೂವರೆ ವೋಲ್ಟಿನ ಆಸುಪಾಸು ತೋರಿಸಿದರೆ ಮುಕ್ಕಾಲು ಪಾಲು ಗೆದ್ದಂತೆ. ಸೊನ್ನೆಗೋ ಒಂಬತ್ತಕ್ಕೋ ಅಂಟಿಕೊಂಡಿದ್ದರೆ ಎಲ್ಲೋ ಕಾಲು ತಪ್ಪಿದೆ, ಇಲ್ಲವೇ ಕೆಪಾಸಿಟರಿನ ಧನ ಋಣ ತಿರುಗಿದೆ.

ಇನ್ನು ‘ಗುಂಯ್’. ಇದು ನಮ್ಮ ಕರೆಂಟಿನ 50 ಹರ್ಟ್ಸಿನ ದನಿ. ಅಡಾಪ್ಟರು ಬಳಸಿದರೆ ಅದರ ಇಮ್ಮಡಿಯಾದ 100 ಹರ್ಟ್ಸೂ ಜೊತೆಗೂಡುತ್ತದೆ. ಹೊಸಬರು ಸೆಲ್ಲಿನಲ್ಲೇ ನಡೆಸಬೇಕು ಎನ್ನುವುದಕ್ಕೆ ಇದೊಂದು ಕಾರಣ. ಹಾಡುವವರ ಕೈಲಿರುವ ವಾದ್ಯಕ್ಕೆ ಕರೆಂಟಿನ ತಂತಿ ಹತ್ತಿರ ಬರಬಾರದು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಬೇಡಿ. ತಗಡಿನ ಡಬ್ಬಿ ಒಳ್ಳೆಯದು, ಅದರ ಮೈಯನ್ನು ಒಂದೇ ಒಂದು ಕಡೆ ಋಣಕ್ಕೆ ಸೇರಿಸಿ. ಋಣಕ್ಕೆ ಹೋಗುವ ತಂತಿಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಲಿ. ಅಲ್ಲೊಂದು ಇಲ್ಲೊಂದು ಕಡೆ ಸೇರಿಸಿದರೆ ಅವುಗಳ ನಡುವೆ ಸುತ್ತು ಹುಟ್ಟಿ ಅದೇ ಗುಂಯ್‌ಗುಡುತ್ತದೆ. ಬಿಲ್ಲೆಯಿಂದ ಡಬ್ಬಿಗೆ ಜಾಲರಿ ಹೊದಿಸಿದ ತಂತಿ ಇರಲಿ, ಅದು ಗೇಣುದ್ದಕ್ಕಿಂತ ಹೆಚ್ಚು ಬೇಡ. ಡಬ್ಬಿಯಿಂದ ಆಂಪ್ಲಿಫೈಯರಿಗೆ ಬೇಕಾದರೆ ಹತ್ತು ಮಾರು ಎಳೆಯಿರಿ. ಎಲ್ಲ ಸರಿಯಿದ್ದೂ ಆಗಾಗ ‘ಟಪ್’ ಎಂದರೆ ಹತ್ತಿರದ ಹೊಲದಲ್ಲಿ ಪಂಪ್‌ಸೆಟ್ ಶುರುವಾಗಿರಬಹುದು. ಅದಕ್ಕೆ ಆಟದ ಹೊತ್ತನ್ನೇ ಹೊಂದಿಸಿಕೊಳ್ಳಬೇಕು.

ಹವ್ಯಾಸದ ಈ ಕೆಲಸ ಕನ್ನಡಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್, ಹಳೆಯ ಕಾಲದ ಒಂದು ಟ್ಯೂಬ್‌ಲೈಟಿಗಿಂತ ಕಡಿಮೆ. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆಲ್ಲ ಹಬ್ಬಿದ್ದು ಅಲ್ಲಿಂದ.

ಬಿಲ್ಲೆಯನ್ನು ಎಲ್ಲಿ ಅಂಟಿಸಬೇಕು ಎನ್ನುವುದನ್ನು ಯಾವ ಪುಸ್ತಕವೂ ಹೇಳದು. ವಾದ್ಯ ಹಿಡಿದವರೇ ಹೇಳಬೇಕು. ಏಕತಾರಿಯಾದರೆ ಕುದುರೆಯ ಸಮೀಪ ಬುರುಡೆಯ ಮೇಲೆ ಮೊದಲು ಪ್ರಯತ್ನಿಸಿ. ಚೌಡಿಕೆಯಲ್ಲಿ ಚರ್ಮದ ಮೇಲೆ ಬೇಡ, ಅದರ ನಾದ ಕಟ್ಟಿಹೋಗುತ್ತದೆ. ಪಕ್ಕದ ಗಟ್ಟಿ ಮೈಗೆ ಇಡಿ. ಮೊದಲು ಜೇನುಮೇಣದಲ್ಲಿ ಅಂಟಿಸಿ, ಅಜ್ಜನೋ ಅವ್ವನೋ ಒಂದು ಪದ ಪೂರ್ತಿ ನುಡಿಸಲಿ, ‘ಇದು ನಮ್ಮ ಚೌಡಿಕಿ ದನಿ ಹೌದು’ ಎಂದ ಮೇಲೆ ಗಟ್ಟಿಯಾಗಿ ಕೂರಿಸಬಹುದು. ಈ ಐಸಿ ತಿನ್ನುವ ವಿದ್ಯುತ್ತು ಒಂದೂವರೆ ಮಿಲಿಆಂಪಿಯರಿನಷ್ಟು ಮಾತ್ರ; ಒಂದು ಒಳ್ಳೆಯ ಸೆಲ್ಲು ಎಷ್ಟೋ ರಾತ್ರಿಗಳ ಆಟ ದಾಟಿಸುತ್ತದೆ, ಬೆಳಿಗ್ಗೆ ಅಟ್ಟ ಬಿಚ್ಚುವ ಗಡಿಬಿಡಿಯಲ್ಲಿ ಸ್ವಿಚ್ ಆರಿಸಲು ಮರೆಯದಿದ್ದರೆ.